ಲಾಲ್ ಬಂಗ್ಲಾದ ಹೊಸ್ತಿಲಲ್ಲಿ ಭುಂಜಿಯಾ ಬದುಕು

ಒಡಿಶಾದ ಪಶ್ಚಿಮ ಅಂಚಿನಲ್ಲಿರುವ ಸುನಾಬೇಡಾ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಭುಂಜಿಯಾ ಬುಡಕಟ್ಟಿನ ಕುಟುಂಬವೊಂದರ ಅಂಗಳದಲ್ಲಿ ಎರಡು ಕಟ್ಟಡಗಳಿರುತ್ತವೆ. ಒಂದು ಮಲಗಲು, ಕೂರಲು, ಬಂದವರನ್ನು ಮಾತನಾಡಿಸಲು. ಅದರಿಂದ ಬೇರೆಯಾಗಿ, ಬೇಲಿಯ ಕಾವಲಿನಲ್ಲಿ, ಹುಲ್ಲು ಹೊದಿಸಿದ ಇನ್ನೊಂದು ಪುಟ್ಟ ಗುಡಿಸಲು. ಅದರ ಗೋಡೆಗೆ ಕೆಮ್ಮಣ್ಣು ಸಾರಿಸಿರುತ್ತಾರೆ. ಇದೇ ಲಾಲ್ ಬಂಗ್ಲಾ. ಮನೆಯವರ ಅಡುಗೆ ಬೇಯುವುದು ಇಲ್ಲಿ, ಪಿತೃಗಳಿಗೂ ಮನೆದೇವರಿಗೂ ಎಡೆ ಇಡುವುದೂ ಇಲ್ಲಿ. ಹೊರಗಿನವರು ಬೇಲಿಯಾಚೆಗೇ ನಿಲ್ಲಬೇಕು.

ಹೊರಗಿನವರೊಬ್ಬರು ತಿಳಿಯದೆ ಆ ಗೋಡೆಯನ್ನು ಮುಟ್ಟಿದರೂ ಗುಡಿಸಲು ಮೈಲಿಗೆಯಾಯಿತೆಂದೇ ಲೆಕ್ಕ. ಅದನ್ನು ಕೆಡವಿ ಅಥವಾ ಸುಟ್ಟು, ಹೊಸದನ್ನು ಕಟ್ಟಿಕೊಳ್ಳುತ್ತಾರೆ. ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ರಸೆಲ್ ಮತ್ತು ಹೀರಾಲಾಲ್ 1916ರಲ್ಲಿ ಹೊರತಂದ ಮಧ್ಯಪ್ರಾಂತ್ಯದ ಬುಡಕಟ್ಟು–ಜಾತಿಗಳ ಸಂಪುಟಗಳಲ್ಲೇ ಈ ಕಟ್ಟಳೆಯ ದಾಖಲೆಯಿದೆ. ನೂರು ವರ್ಷಗಳಲ್ಲಿ ಭುಂಜಿಯಾರ ಸುತ್ತ ರಾಜ್ಯಗಳು ಬದಲಾದವು, ಜಿಲ್ಲೆಗಳು ಒಡೆದವು, ಕಾಡು ಅಭಯಾರಣ್ಯವಾಯಿತು. ಅಡುಗೆಯ ಗುಡಿಸಲು ಮಾತ್ರ ತನ್ನ ನಿಯಮವನ್ನು ಬಿಟ್ಟುಕೊಟ್ಟಿಲ್ಲ.

ಮಡಿ–ಮೈಲಿಗೆ ಎಂದೊಡನೆ ಮೇಲಿನವರು ಕೆಳಗಿನವರನ್ನು ದೂರವಿಡುವ ಚಿತ್ರವೇ ಕನ್ನಡ ಓದುಗರ ಕಣ್ಣೆದುರು ಬರುತ್ತದೆ. ಸುನಾಬೇಡಾದಲ್ಲಿ ಗೆರೆ ಎಳೆದಿರುವವರು ಕಾಡಿನ ಅಂಚಿಗೆ ತಳ್ಳಲ್ಪಟ್ಟ, ಕೈಯಲ್ಲಿ ಹಣವೂ ಅಧಿಕಾರವೂ ಇಲ್ಲದ ಜನ. ಅವರ ಹೊಸ್ತಿಲ ಮುಂದೆ ಜಿಲ್ಲಾಧಿಕಾರಿಯೂ ಹೊರಗಿನವರೇ, ಪುರೋಹಿತರೂ ಹೊರಗಿನವರೇ, ಪಕ್ಕದ ಗೊಂಡ ಮನೆಯವರೂ ಹೊರಗಿನವರೇ. ಈ ಕಟ್ಟಳೆಯನ್ನು ಕೇವಲ ಮೂಢನಂಬಿಕೆ ಎಂದು ಬದಿಗೆ ಸರಿಸಿದರೆ ಈ ಜನ ತಮ್ಮನ್ನು ತಾವು ಕಾಣುವ ಬಗೆಯೇ ಅರ್ಥವಾಗದೆ ಹೋಗುತ್ತದೆ. ಹಾಗೆಂದು ಅದನ್ನು ಬರಿದೇ ಹೊಗಳಿದರೆ, ಅದರ ಬೆಲೆ ತೆರುತ್ತಿರುವ ಹೆಣ್ಣುಮಕ್ಕಳು ಕಾಣಿಸುವುದಿಲ್ಲ.

ಸುನಾಬೇಡಾ ಎಂಬ ಹೆಸರು ಬೆಂಗಳೂರಿನ ಹಲವರಿಗೆ ಪರಿಚಿತ. ಎಚ್‌ಎಎಲ್‌ನ ಎಂಜಿನ್ ಕಾರ್ಖಾನೆ ಇರುವ ಊರು ಅದು. ಆದರೆ ಆ ಸುನಾಬೇಡಾ ಇರುವುದು ಕೊರಾಪುಟ್ ಜಿಲ್ಲೆಯಲ್ಲಿ. ಭುಂಜಿಯಾರ ಸುನಾಬೇಡಾ ಅದಕ್ಕಿಂತ ಬಹು ಉತ್ತರಕ್ಕೆ, ನುವಾಪಡಾ ಜಿಲ್ಲೆಯ ಕೋಮ್ನಾ ಬ್ಲಾಕಿನಲ್ಲಿದೆ. ಜೋಂಕ್ ನದಿ ಹುಟ್ಟುವುದು ಈ ಎತ್ತರದ ನೆಲದಲ್ಲಿ. ಪಶ್ಚಿಮಕ್ಕೆ ಕಾಡು ದಾಟಿದರೆ ಛತ್ತೀಸಗಢದ ಗರಿಯಾಬಂದ್ ಜಿಲ್ಲೆ, ಅಲ್ಲಿಯೂ ಭುಂಜಿಯಾ ಹಳ್ಳಿಗಳು. 2011ರ ಜನಗಣತಿಯಲ್ಲಿ ಒಡಿಶಾದಲ್ಲಿ ಸುಮಾರು 12 ಸಾವಿರ, ಛತ್ತೀಸಗಢದಲ್ಲಿ ಸುಮಾರು 10 ಸಾವಿರ ಭುಂಜಿಯಾರು ಲೆಕ್ಕಕ್ಕೆ ಸಿಕ್ಕರು. ಎರಡೂ ಕಡೆ ಸೇರಿಸಿದರೂ ನಮ್ಮ ಒಂದು ಸಣ್ಣ ಪಟ್ಟಣದಷ್ಟು ಜನ.

ಬ್ರಿಟಿಷರ ಕಾಲದಲ್ಲಿ ಇವರೆಲ್ಲ ಒಂದೇ ಆಡಳಿತದ ಕೆಳಗಿದ್ದರು. ರಾಯಪುರ ಜಿಲ್ಲೆಯ ಬಿಂದ್ರಾನವಾಗಢ ಮತ್ತು ಖರಿಯಾರ್ ಜಮೀನ್ದಾರಿಗಳು ಇವರ ನೆಲೆ ಎಂದು ರಸೆಲ್ ಬರೆಯುತ್ತಾರೆ; ಆಗ ಇದ್ದವರು ಏಳು ಸಾವಿರದಷ್ಟು. 1936ರ ಏಪ್ರಿಲ್ 1ರಂದು ಒಡಿಶಾ ಪ್ರತ್ಯೇಕ ಪ್ರಾಂತ್ಯವಾದಾಗ ಖರಿಯಾರ್ ಅದಕ್ಕೆ ಸೇರಿತು, ಬಿಂದ್ರಾನವಾಗಢ ಮಧ್ಯಪ್ರಾಂತ್ಯದಲ್ಲೇ ಉಳಿಯಿತು. ಭಾಷಾವಾರು ಪ್ರಾಂತ್ಯಕ್ಕಾಗಿ ಒಡಿಯಾ ಮಾತಾಡುವವರು ನಡೆಸಿದ ಹೋರಾಟ ನ್ಯಾಯವಾದದ್ದು. ಅಂಥದೇ ಹೋರಾಟ ನಡೆಸಿದ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಭುಂಜಿಯಾ ಮಾತು ಅತ್ತ ಒಡಿಯಾವೂ ಅಲ್ಲ, ಇತ್ತ ಛತ್ತೀಸಗಢಿಯೂ ಅಲ್ಲ. ಬಸ್ತರದ ಹಲಬಿಗೆ ಹತ್ತಿರದ, ಎರಡೂ ಕಡೆಯ ಪದಗಳನ್ನು ಬೆರೆಸಿಕೊಂಡ ನುಡಿ ಅದು. ಭಾಷೆಯ ಆಧಾರದ ಮೇಲೆ ಎಳೆದ ಗೆರೆ ಈ ಭಾಷೆಯ ನಡುವೆಯೇ ಹಾದುಹೋಯಿತು.

ತಮ್ಮ ಹುಟ್ಟಿನ ಬಗ್ಗೆ ಭುಂಜಿಯಾರು ಹೇಳಿಕೊಳ್ಳುವ ಕಥೆ ಬಲು ಸೊಗಸಾದುದು. ಬಚರ್ ಎಂಬ ಗೊಂಡನೊಬ್ಬ ಪೈರಿ ನದಿಗೆ ಬಲೆ ಬೀಸಿದ. ಮೀನಿನ ಬದಲು ಕಲ್ಲೊಂದು ಬಂತು. ನೀರಿಗೆ ಎಸೆದು ಮತ್ತೆ ಬೀಸಿದ. ಮತ್ತೆ ಅದೇ ಕಲ್ಲು. ಮೂರನೆಯ ಸಲವೂ ಅದೇ. ದಡದಲ್ಲಿಟ್ಟು ಮನೆಗೆ ಹೋದವನಿಗೆ ಆ ರಾತ್ರಿ ಕನಸಾಯಿತು: ಅದು ಕಲ್ಲಲ್ಲ, ಗೊಂಡರ ಹಿರಿದೇವರಾದ ಬುರಾ ದೇವ್. ಕನಸು ನಿಜವಾದರೆ ನಾಳೆ ನನ್ನ ಬಲೆಗೆ ಜಿಂಕೆ ಬೀಳಲಿ ಎಂದ ಬಚರ್. ಮರುದಿನ ಹಾಗೆಯೇ ಆಯಿತು. ಆದರೂ ಪೂಜೆಯ ಹೊಣೆ ಹೊರಲು ಅವನಿಗೆ ಮನಸ್ಸಿಲ್ಲ. ನನ್ನ ಬದಲು ಬೇರೆಯವರನ್ನು ತರುತ್ತೇನೆ ಎಂದ. ದೇವರು ಒಪ್ಪಿ, ಹಾಗೆ ಬಂದವನಿಗೆ ನಿನ್ನ ಮಗಳನ್ನು ಕೊಡಬೇಕು ಎಂಬ ಕರಾರು ಹಾಕಿದ. ಹುಡುಕುತ್ತ ಹೊರಟ ಬಚರನಿಗೆ ಲಫಂದಿ ಎಂಬ ಊರಿನಲ್ಲಿ ಹಲಬಾ ಬುಡಕಟ್ಟಿನ ಕೊಂಡಾ ಎಂಬವನು ಸಿಕ್ಕ. ಕಣ್ಣಿಲ್ಲ, ಕಿವಿಯಿಲ್ಲ, ಮಾತಿಲ್ಲ, ಕಾಲಿಲ್ಲ, ಮೈಗೆ ಕುಷ್ಠ. ಕಲ್ಲಿನ ಮುಂದೆ ತಂದು ಕೂರಿಸಿದೊಡನೆ ಅವನ ರೋಗಗಳೆಲ್ಲ ಕಳಚಿಬಿದ್ದವು. ಅವನಿಗೂ ಗೊಂಡನ ಮಗಳಿಗೂ ಹುಟ್ಟಿದ ಮಗನ ಸಂತತಿಯೇ ಚೌಖುಟಿಯಾ ಭುಂಜಿಯಾರು.

ಈ ಕಥೆಯಲ್ಲಿ ಮನಮುಟ್ಟುವ ಸಂಗತಿಯೊಂದಿದೆ. ದೇವರು ಆರಿಸಿಕೊಂಡದ್ದು ಎಲ್ಲರೂ ಬಿಟ್ಟ ಮನುಷ್ಯನನ್ನು. ಕಥೆಯನ್ನು ಬರೆದುಕೊಂಡ ಅಧಿಕಾರಿಗಳಿಗೆ ಅದರಲ್ಲಿ ಕಂಡದ್ದು ಗೊಂಡ ಮತ್ತು ಹಲಬಾ ರಕ್ತದ ಮಿಶ್ರಣ ಮಾತ್ರ. ಊರಾಚೆ ಉಳಿದವನೊಬ್ಬ ದೇವರ ಪೂಜಾರಿಯಾಗಿ ಎದ್ದು ನಿಂತ ಬಗೆಯೂ ಅದರಲ್ಲಿದೆ, ಮತ್ತು ಶುದ್ಧಿಯ ಬಗ್ಗೆ ಇಷ್ಟು ಎಚ್ಚರವಾಗಿರುವ ಸಮುದಾಯ ತನ್ನ ಮೂಲಪುರುಷನನ್ನು ಕುಷ್ಠರೋಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತದೆ.

ಭುಂಜಿಯಾರಲ್ಲಿ ಎರಡು ಕವಲುಗಳಿವೆ. ಬೆಟ್ಟದ ಮೇಲಿನವರು ಚೌಖುಟಿಯಾ (ಒಡಿಶಾದಲ್ಲಿ ಇವರನ್ನು ಚುಕ್ತಿಯಾ ಎನ್ನುತ್ತಾರೆ), ಬಯಲಿನವರು ಚಿಂದಾ. ಚಿಂದಾ ಭುಂಜಿಯಾರು ಅಕ್ಕಪಕ್ಕದ ರೈತ ಸಮುದಾಯಗಳ ಜೊತೆ ಬೆರೆತು ಕಟ್ಟಳೆಗಳನ್ನು ಸಡಿಲಿಸಿಕೊಂಡಿದ್ದಾರೆ. ಲಾಲ್ ಬಂಗ್ಲಾದ ಬಿಗಿ ನಿಯಮ ಚೌಖುಟಿಯಾರದು. ಅವರೊಳಗೆ ಮರಕಾಮ್, ನೇತಾಮ್ ಎಂಬ ಬಳಿಗಳಿದ್ದು, ಸ್ವಂತ ಬಳಿಯೊಳಗೆ ಹೆಣ್ಣು ತರುವಂತಿಲ್ಲ. ಸೋದರಮಾವನ ಮಗಳು, ಸೋದರತ್ತೆಯ ಮಗಳು ಎಂಬ ಸಂಬಂಧಕ್ಕೆ ನಮ್ಮ ಹಳ್ಳಿಗಳಲ್ಲಿರುವ ಆದ್ಯತೆಯೇ ಅಲ್ಲಿಯೂ ಇದೆ. ಪ್ರಸ್ಥಭೂಮಿಯ ಒಡತಿ ಸುನಾದೇಈ ದೇವಿ. ಹೊಸ ಬೆಳೆ ಮೊದಲು ದೇವರಿಗೆ, ಪಿತೃಗಳಿಗೆ. ಆಮೇಲೆ ಮನೆಯವರ ಬಾಯಿಗೆ.

ಹುಡುಗಿಯರ ಬದುಕಿನಲ್ಲಿ ದೊಡ್ಡ ತಿರುವು ಬರುವುದು ಕಾಂಡಾ ವಿವಾಹದಲ್ಲಿ. ಕಾಂಡಾ ಎಂದರೆ ಬಾಣ. ಮೈನೆರೆಯುವ ಮೊದಲೇ ಹುಡುಗಿಗೆ ಬಾಣದೊಂದಿಗೆ ಮದುವೆ ಮಾಡಬೇಕು. ತಪ್ಪಿದರೆ ಕುಟುಂಬ ಸಮುದಾಯದ ಕೋಪಕ್ಕೆ, ಬಹಿಷ್ಕಾರಕ್ಕೆ ಗುರಿಯಾಗುತ್ತದೆ. ಗಂಡಿನ ಜೊತೆಗಿನ ಮದುವೆ ಎಷ್ಟೋ ವರ್ಷಗಳ ನಂತರದ್ದು. ಬಾಣದ ಮದುವೆಯಾದ ಹುಡುಗಿ ಸಮುದಾಯದ ಪೂರ್ಣ ಸದಸ್ಯೆ, ಲಾಲ್ ಬಂಗ್ಲಾದ ನಿಯಮಗಳಿಗೆ ಬದ್ಧಳು. ಅಲ್ಲಿಯವರೆಗೆ ಎಲ್ಲಿ ಬೇಕಾದರೂ ಉಣ್ಣುತ್ತಿದ್ದ ಮಗು ಅಂದಿನಿಂದ ಹೊರಗಿನವರು ಬೇಯಿಸಿದ್ದನ್ನು ಮುಟ್ಟುವಂತಿಲ್ಲ. ಈ ಭಾರ ಗಂಡಸರಿಗಿಂತ ಹೆಂಗಸರ ಮೇಲೆಯೇ ಹೆಚ್ಚು.

ಇನ್ನು ಶಾಲೆಯ ಕಡೆ ನೋಡಬೇಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಯ ಮಕ್ಕಳಿಗೆ ಬರಿ ಧಾನ್ಯವಲ್ಲ, ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ದೇಶದ ಕೋಟ್ಯಂತರ ಮಕ್ಕಳ ಹಸಿವನ್ನು ನೀಗಿಸಿದ, ಜಾತಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಆದೇಶವದು. ಕರ್ನಾಟಕದ ಬಿಸಿಯೂಟದ ಬಲವೂ ಅದರಲ್ಲಿದೆ. ಆದರೆ ಕಾಂಡಾ ಮುಗಿಸಿದ ಚೌಖುಟಿಯಾ ಹುಡುಗಿಯ ಪಾಲಿಗೆ ಆ ಬಿಸಿ ಅನ್ನವೇ ನಿಷಿದ್ಧ. ಶಾಲೆ ಹಳ್ಳಿಯಲ್ಲೇ ಇದ್ದರೆ ಮಧ್ಯಾಹ್ನ ಮನೆಗೆ ಓಡಿ ಉಂಡು ಬರಬಹುದು. ಹೈಸ್ಕೂಲು ದೂರದಲ್ಲಿದ್ದರೆ ದಿನವಿಡೀ ಉಪವಾಸ. ವಸತಿ ಶಾಲೆಯ ಮಾತು ಬಂದರೆ ಅಲ್ಲಿಗೆ ಓದೇ ನಿಲ್ಲುತ್ತದೆ. ಬುಡಕಟ್ಟು ಮಕ್ಕಳ ಶಿಕ್ಷಣಕ್ಕೆಂದು ಸರ್ಕಾರಗಳು ಬಹುಪಾಲು ನೆಚ್ಚಿಕೊಂಡಿರುವುದು ವಸತಿ ಶಾಲೆಗಳನ್ನು. ಹಾಸಿಗೆ, ಪುಸ್ತಕ, ಸಮವಸ್ತ್ರ ಎಲ್ಲ ಸಿದ್ಧವಿದ್ದರೂ ಆ ಹುಡುಗಿಗೆ ಉಣ್ಣಲು ಮಾತ್ರ ಅಲ್ಲಿ ಏನೂ ಇರುವುದಿಲ್ಲ.

ಆಸ್ಪತ್ರೆಯ ಮಾತೂ ಇದೇ. ಹೆರಿಗೆಗೆಂದು ದಾಖಲಾದ ಹೆಂಗಸು ಅಲ್ಲಿಯ ಊಟ ಉಣ್ಣುವಂತಿಲ್ಲ. ಜೊತೆಗೆ ಬಂದವರು ಎಲ್ಲಿ ಒಲೆ ಹೂಡಬೇಕು? ಪ್ರಸ್ಥಭೂಮಿಯಿಂದ ಕೆಳಗಿಳಿಯುವ ಘಾಟಿಯ ದಾರಿ ಮಳೆಗಾಲದಲ್ಲಿ ಮೊದಲೇ ಕಷ್ಟ. ಹೀಗಾಗಿ ಮನೆಯಲ್ಲೇ ಹೆರಿಗೆ, ಊರ ಸೂಲಗಿತ್ತಿ, ಕಾಡಿನ ಬೇರು–ನಾರು. ಮಲೇರಿಯಾ ಮತ್ತು ಕುಡಗೋಲು ಕಣ ರೋಗ ಎರಡೂ ಹರಡಿಕೊಂಡಿರುವ ಮಧ್ಯಭಾರತದ ಈ ಪಟ್ಟಿಯಲ್ಲಿ ತಡವಾದ ಚಿಕಿತ್ಸೆ ಜೀವಕ್ಕೇ ಎರವಾಗುತ್ತದೆ.

ಇದಕ್ಕೆ ದಾರಿಯಿಲ್ಲವೇ? ದಾರಿಯೊಂದು ಭುಂಜಿಯಾ ಸಂಪ್ರದಾಯದ ಒಳಗೇ ಇದೆ. ಮದುವೆಯಾಗಿ ಹೋದ ಮಗಳು ತವರಿಗೆ ಬಂದರೆ ಅವಳಿಗೂ ತಾಯಿಯ ಲಾಲ್ ಬಂಗ್ಲಾಕ್ಕೆ ಪ್ರವೇಶವಿಲ್ಲ. ಅವಳೀಗ ಗಂಡನ ಬಳಿಗೆ ಸೇರಿದವಳು, ಆ ಮಟ್ಟಿಗೆ ಹೊರಗಿನವಳು. ಹಾಗೆಂದು ತಾಯಿ ಅವಳನ್ನು ಉಪವಾಸ ಕೆಡವುವುದಿಲ್ಲ. ಅಕ್ಕಿ, ಬೇಳೆ, ಉಪ್ಪು ಅಳೆದು ಕೊಡುತ್ತಾಳೆ. ಮಗಳು ಹೊರಗೆ ಬೇರೆ ಒಲೆ ಹೂಡಿ ಬೇಯಿಸಿಕೊಂಡು ಉಣ್ಣುತ್ತಾಳೆ. ಸಂಬಂಧವೂ ಉಳಿಯಿತು, ನಿಯಮವೂ ಉಳಿಯಿತು, ಹೊಟ್ಟೆಯೂ ತುಂಬಿತು. ಸರ್ಕಾರಕ್ಕೂ ಇಷ್ಟು ಸಾಧ್ಯ. ಅಂಗನವಾಡಿಯಿಂದ ಬಾಣಂತಿಯರಿಗೆ ಮನೆಗೇ ಧಾನ್ಯ ಒಯ್ಯುವ ಪದ್ಧತಿ ಈಗಾಗಲೇ ಇದೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ದೇಶವಿಡೀ ಬಿಸಿಯೂಟದ ಬದಲು ಅಕ್ಕಿ–ಬೇಳೆ ಮನೆ ಸೇರಿತು. ಈ ಹುಡುಗಿಯರಿಗೆ ಅದೇ ಏರ್ಪಾಡನ್ನು ಕಾಯಂ ಮಾಡಲು ಹೊಸ ಕಾನೂನು ಬೇಡ. ಹಾಸ್ಟೆಲಿನ ಆವರಣದಲ್ಲಿ ಅವರದೇ ಅಡುಗೆಯ ಗುಡಿಸಲು, ಅವರದೇ ಸಮುದಾಯದ ಅಡುಗೆಯ ಹೆಂಗಸು ಇದ್ದರೆ ಹೈಸ್ಕೂಲಿನ ಬಾಗಿಲು ತೆರೆಯುತ್ತದೆ. ಆಸ್ಪತ್ರೆಯ ಅಂಗಳದಲ್ಲಿ ಒಂದು ಒಲೆಗೆ ಜಾಗ ಕೊಟ್ಟರೆ ಹೆರಿಗೆಗೆ ಬರುವ ಹೆಜ್ಜೆ ಹಗುರಾಗುತ್ತದೆ.

ಪಂಕ್ತಿಭೇದವನ್ನು ಸರ್ಕಾರವೇ ಪೋಷಿಸಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ, ಅದು ಗಂಭೀರವಾದ ಪ್ರಶ್ನೆಯೂ ಹೌದು. ಆದರೆ ನಿಯಮ ಬದಲಾಗಬೇಕಾದರೆ ಬದಲಿಸಬೇಕಾದವರು ಭುಂಜಿಯಾ ಹೆಂಗಸರೇ. ಓದು ಬಾರದ, ಆಸ್ಪತ್ರೆ ಕಾಣದ ಹೆಣ್ಣಿನ ಕೈಯಲ್ಲಿ ಸಮುದಾಯದ ಪಂಚಾಯಿತಿಗೆ ಎದುರಾಡುವ ಬಲ ಬರುವುದು ಹೇಗೆ? ಮೊದಲು ಅವಳು ಹತ್ತನೇ ತರಗತಿ ಮುಗಿಸಲಿ. ಲಾಲ್ ಬಂಗ್ಲಾದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಆಮೇಲೆ ಅವಳೇ ಹೇಳಲಿ. ಹಸಿವನ್ನು ಸುಧಾರಣೆಯ ಆಯುಧ ಮಾಡುವುದು ತರವಲ್ಲ.

ಕಾಡಿನ ವಿಷಯ ಅಡುಗೆಮನೆಗಿಂತ ಬೇರೆಯದಲ್ಲ. ಲಾಲ್ ಬಂಗ್ಲಾಕ್ಕೆ ಬೇಕಾದ ಕಂಬ, ಹುಲ್ಲು, ಬಿದಿರು ಎಲ್ಲವೂ ಕಾಡಿನದು. ಹಿಪ್ಪೆ ಹೂ, ಬೀಡಿ ಎಲೆ, ಚಾರೋಳಿ, ಅರಗು, ಜೇನು ಆಯ್ದು ತಂದರೆ ಸಂತೆಯಲ್ಲಿ ಉಪ್ಪು, ಎಣ್ಣೆ, ಬಟ್ಟೆಗೆ ಹಣ. ಗುಡ್ಡದ ಹೊಲಗಳಲ್ಲಿ ರಾಗಿ, ಹಾರಕ, ಸಾಮೆ, ಜೋಳ. ತಗ್ಗಿನಲ್ಲಿ ಒಂದಿಷ್ಟು ಭತ್ತ. ಅಲ್ಲಿ ಮಂಡಿಯಾ ಎಂದು ಕರೆಯುವ ರಾಗಿಯನ್ನು ನಮ್ಮ ಬಯಲುಸೀಮೆಯವರಂತೆಯೇ ಅಂಬಲಿ ಮಾಡಿ ಕುಡಿಯುತ್ತಾರೆ. ಒಡಿಶಾ ಸರ್ಕಾರ 2017ರಲ್ಲಿ ಸಿರಿಧಾನ್ಯ ಮಿಷನ್ ಶುರುಮಾಡಿದಾಗ ಮೊದಲ ಏಳು ಜಿಲ್ಲೆಗಳಲ್ಲಿ ನುವಾಪಡಾ ಕೂಡ ಒಂದು. ಬಡವರ ಕಾಳೆಂದು ಮೂಲೆಗೆ ಬಿದ್ದಿದ್ದ ಬೆಳೆಗೆ ಬೆಂಬಲ ಬೆಲೆ ಬಂದದ್ದು ಒಳ್ಳೆಯ ಕೆಲಸ. ಬಯಲಿನ ಬಡ ಕುಟುಂಬಗಳು ಮಾತ್ರ ಈಗಲೂ ಮುಂಗಡ ಹಣ ಪಡೆದು ಇಟ್ಟಿಗೆ ಗೂಡುಗಳಿಗೆ ವಲಸೆ ಹೋಗುತ್ತವೆ. ತೆಲಂಗಾಣ, ಆಂಧ್ರ, ತಮಿಳುನಾಡು, ಕರ್ನಾಟಕದ ಗೂಡುಗಳಲ್ಲಿ ನುವಾಪಡಾ, ಬಲಾಂಗೀರ್ ಕಡೆಯ ಕೂಲಿಗಳು ದುಡಿಯುತ್ತಾರೆ.

ಸುನಾಬೇಡಾ ಕಾಡು 1980ರ ದಶಕದಲ್ಲಿ ಅಭಯಾರಣ್ಯವಾಯಿತು. ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಅದನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ಬಹುಕಾಲದಿಂದ ಇದೆ. ಗಡಿಯಾಚೆಯ ಉದಂತಿ–ಸೀತಾನದಿ ಕಾಡು 2009ರಲ್ಲೇ ಹುಲಿ ಸಂರಕ್ಷಿತ ಪ್ರದೇಶವಾಗಿದೆ; ಛತ್ತೀಸಗಢದ ರಾಜ್ಯಪ್ರಾಣಿಯಾದ ಕಾಡು ಎಮ್ಮೆಗೆ ಅದು ಕೊನೆಯ ಆಸರೆಗಳಲ್ಲಿ ಒಂದು. ಅದೇ ಸೀಮೆಯ ಮೈನಪುರದ ನೆಲದಡಿ ವಜ್ರದ ಕಿಂಬರ್ಲೈಟ್ ಶಿಲೆಗಳಿವೆ. ಹುಲಿ, ಎಮ್ಮೆ, ವಜ್ರ ಎಲ್ಲಕ್ಕೂ ಕಾವಲಿದೆ. ಸ್ಥಳಾಂತರದ ಆತಂಕ ಮಾತ್ರ ಭುಂಜಿಯಾ ಹಳ್ಳಿಗಳ ಪಾಲಿನದು. ನಾಗರಹೊಳೆಯ ಜೇನು ಕುರುಬರ ಕಥೆ ಬಲ್ಲವರಿಗೆ ಈ ಆತಂಕವನ್ನು ವಿವರಿಸಬೇಕಿಲ್ಲ. ಚೌಖುಟಿಯಾರಿಗಂತೂ ಊರು ಬಿಡುವುದೆಂದರೆ ಸುನಾದೇಈಯ ನೆಲವನ್ನೂ ಪಿತೃಗಳ ಗುಡಿಸಲನ್ನೂ ಬಿಡುವುದು. ಪರಿಹಾರದ ಕಾಲೋನಿಯಲ್ಲಿ ಒತ್ತೊತ್ತಾಗಿ ನಿಂತ ಮನೆಗಳ ನಡುವೆ ಯಾರೂ ಮುಟ್ಟದ ಅಡುಗೆಯ ಗುಡಿಸಲಿಗೆ ಜಾಗ ಸಿಗುವುದಿಲ್ಲ.

ಗಡಿಗೆರೆಯ ನಿಜವಾದ ಪೆಟ್ಟು ಕಾಣುವುದು ಸರ್ಕಾರಿ ಪಟ್ಟಿಗಳಲ್ಲಿ. ಎರಡೂ ರಾಜ್ಯಗಳಲ್ಲಿ ಭುಂಜಿಯಾರು ಪರಿಶಿಷ್ಟ ಪಂಗಡದವರೇ. ಆದರೆ ಅದರೊಳಗೆ ಇನ್ನೂ ಹಿಂದುಳಿದವರೆಂದು ಗುರುತಿಸಿದ, ನಮ್ಮ ಜೇನು ಕುರುಬರೂ ಕೊರಗರೂ ಇರುವ 75 ವಿಶೇಷ ದುರ್ಬಲ ಬುಡಕಟ್ಟುಗಳ ಕೇಂದ್ರದ ಪಟ್ಟಿಯಲ್ಲಿ ಒಡಿಶಾದ 13 ಗುಂಪುಗಳಿದ್ದು, ಚುಕ್ತಿಯಾ ಭುಂಜಿಯಾ ಅವುಗಳಲ್ಲಿ ಒಂದು. ಛತ್ತೀಸಗಢದಿಂದ ಆ ಪಟ್ಟಿಯಲ್ಲಿರುವವರು ಐದು: ಅಬೂಝ್ ಮಾಡಿಯಾ, ಬೈಗಾ, ಬಿರ್ಹೋರ್, ಪಹಾಡಿ ಕೋರ್ವಾ, ಕಮಾರ್. ಭುಂಜಿಯಾ ಇಲ್ಲ. ರಾಜ್ಯ ಸರ್ಕಾರ ತನ್ನ ಮಟ್ಟದಲ್ಲಿ ಪಂಡೋ ಮತ್ತು ಭುಂಜಿಯಾ ಸಮುದಾಯಗಳಿಗೆ ಸಮಾನ ಸ್ಥಾನ ಕೊಟ್ಟಿದೆ, ನಿಜ. ಕೇಂದ್ರದ ಹಣ ಹರಿಯುವುದು ಮಾತ್ರ ಕೇಂದ್ರದ ಪಟ್ಟಿಯ ಪ್ರಕಾರ. ಆ ಪಟ್ಟಿಯ ಬುಡಕಟ್ಟುಗಳಿಗೆಂದು 2023ರ ನವೆಂಬರ್ 15ರಂದು ಶುರುವಾದ ಪಿಎಂ–ಜನಮನ್ ಯೋಜನೆಗೆ ಮೀಸಲಿಟ್ಟದ್ದು ಸುಮಾರು 24 ಸಾವಿರ ಕೋಟಿ ರೂಪಾಯಿ. ಮನೆ, ರಸ್ತೆ, ನೀರು, ಸಂಚಾರಿ ಚಿಕಿತ್ಸಾ ಘಟಕ ಎಲ್ಲ ಅದರಲ್ಲಿ ಸೇರಿವೆ. ಒಂದೇ ನುಡಿ, ಒಂದೇ ಬಳಿ, ಒಂದೇ ಕೆಂಪು ಗುಡಿಸಲಿನ ಇಬ್ಬರು ಸೋದರಸಂಬಂಧಿಗಳಲ್ಲಿ ಒಬ್ಬರು ಅದರ ಒಳಗೆ, ಇನ್ನೊಬ್ಬರು ಹೊರಗೆ.

ಇದರ ತಿರುವುಮುರುವೂ ಇದೆ. ಗರಿಯಾಬಂದ್, ಮೈನಪುರ, ಛುರಾ ಬ್ಲಾಕುಗಳು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳು. ಅಲ್ಲಿ 1996ರ ಪೆಸಾ ಕಾಯ್ದೆಯಂತೆ ಗ್ರಾಮಸಭೆಗೆ ವಿಶೇಷ ಅಧಿಕಾರ. ನುವಾಪಡಾ ಜಿಲ್ಲೆ ಆ ಅನುಸೂಚಿಯಲ್ಲಿಲ್ಲ. ಹೀಗೆ ಒಂದು ದಡದವರಿಗೆ ಸ್ಥಾನವಿದೆ, ಅನುಸೂಚಿತ ನೆಲವಿಲ್ಲ. ಇನ್ನೊಂದು ದಡದವರಿಗೆ ಅನುಸೂಚಿತ ನೆಲವಿದೆ, ಸ್ಥಾನವಿಲ್ಲ. ನೆರೆಯವರ ಪಾಡನ್ನು ನೋಡಿದರೆ ಇನ್ನೂ ಬೇಸರವಾಗುತ್ತದೆ. ಛತ್ತೀಸಗಢದಲ್ಲಿ ವಿಶೇಷ ದುರ್ಬಲ ಬುಡಕಟ್ಟೆಂದು ಮಾನ್ಯರಾದ ಕಮಾರರ ಬಂಧುಗಳನ್ನು ನುವಾಪಡಾದಲ್ಲಿ ಪಹಾರಿಯಾ ಎನ್ನುತ್ತಾರೆ. ದಶಕಗಳ ಕಾಲ ಅವರು ಒಡಿಶಾದ ಪರಿಶಿಷ್ಟ ಪಂಗಡಗಳ ಪಟ್ಟಿಯಿಂದಲೇ ಹೊರಗುಳಿದರು.

ಪಟ್ಟಿಯೊಳಗಿದ್ದವರಿಗೂ ಹೆಸರಿನ ತೊಡಕು ತಪ್ಪಲಿಲ್ಲ. ಭುಂಜಿಯಾ ಎಂಬ ಹೆಸರು ಪರಿಶಿಷ್ಟ ಪಂಗಡಗಳ ಆದೇಶದಲ್ಲಿತ್ತು, ಚುಕ್ತಿಯಾ ಭುಂಜಿಯಾ ಎಂಬುದು ಇರಲಿಲ್ಲ. 2024ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಆ ಹೆಸರನ್ನೂ ಸೇರಿಸಿತು.

ಜನಮನ್ ಯೋಜನೆಯ ಮನೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಂಥ ಮನೆಯೊಂದಕ್ಕೆ 2.39 ಲಕ್ಷ ರೂಪಾಯಿ ನಿಗದಿಯಾಗಿದೆ. ಸಿಮೆಂಟಿನ ಗಟ್ಟಿ ಮನೆ ಮಳೆ–ಚಳಿಗೆ ಆಸರೆ, ಅದು ಬೇಕು. ಆದರೆ ಹೊರಗಿನ ಗಾರೆಯವರು ಕಟ್ಟಿದ ಗೋಡೆಯೊಳಗೆ ಚೌಖುಟಿಯಾ ಹೆಂಗಸು ಒಲೆ ಹಚ್ಚುವುದಿಲ್ಲ. ಅಡುಗೆಯ ಮೂಲೆಯನ್ನು ನಕ್ಷೆಯಿಂದ ತೆಗೆದು, ಆ ಹಣವನ್ನು ಕುಟುಂಬವೇ ತನ್ನ ಗುಡಿಸಲು ಕಟ್ಟಿಕೊಳ್ಳಲು ಕೊಟ್ಟರೆ, ಮನೆ ಅವರದೇ ಆಗುತ್ತದೆ.

ಭರವಸೆ ಮೂಡಿಸುವ ಬೆಳವಣಿಗೆ ಬಂದಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯ ಕಡೆಯಿಂದ. ಅದರ 3(1)(ಇ) ಕಲಮು ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಆವಾಸಸ್ಥಾನದ ಹಕ್ಕನ್ನು ಮಾನ್ಯ ಮಾಡುತ್ತದೆ. ಒಂದೊಂದು ಮನೆಗೆ ಎಕರೆ ಲೆಕ್ಕದ ಜಮೀನಲ್ಲ; ದೇವರ ಬನ, ಮಸಣ, ಸಂಗ್ರಹದ ಕಾಡು, ನೀರಿನ ಸೆಲೆ ಎಲ್ಲ ಸೇರಿದ ಇಡೀ ಬದುಕಿನ ಸೀಮೆಯ ಮೇಲಿನ ಹಕ್ಕು. ಒಡಿಶಾದಲ್ಲಿ ಪೌಡಿ ಭುಯಾಂ, ಜುವಾಂಗ್, ಸವೋರಾ ಸಮುದಾಯಗಳ ಜೊತೆಗೆ ಚುಕ್ತಿಯಾ ಭುಂಜಿಯಾರಿಗೂ ಈಚೆಗೆ ಈ ಹಕ್ಕಿನ ಮಾನ್ಯತೆ ಸಿಕ್ಕಿದೆ. ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕನ್ನು ಗಡಿಯ ಎರಡೂ ಬದಿಯ ಹಳ್ಳಿಗಳು ಕೇಳಬಹುದು. ಆವಾಸಸ್ಥಾನದ ಹಕ್ಕು ಮಾತ್ರ ವಿಶೇಷ ದುರ್ಬಲ ಪಟ್ಟಿಯಲ್ಲಿರುವವರಿಗೆ ಮತ್ತು ಕೃಷಿಪೂರ್ವ ಸಮುದಾಯಗಳಿಗಷ್ಟೇ. ಬಚರನ ಬಲೆಗೆ ಕಲ್ಲು ಸಿಕ್ಕ ಪೈರಿ ನದಿ ಹರಿಯುವುದು ಛತ್ತೀಸಗಢದಲ್ಲಿ. ಆ ದಡದ ಹಳ್ಳಿಗಳಲ್ಲಿರುವ ಭುಂಜಿಯಾರು ಈ ಹಕ್ಕನ್ನು ಪಡೆಯಬೇಕಾದರೆ ಕೇಂದ್ರದ ಪಟ್ಟಿಯಲ್ಲಿ ಮೊದಲು ಅವರ ಹೆಸರು ಸೇರಬೇಕು.